ಯಾವ ಅಂಗಡಿಯಿಂದ ತಂದದ್ದು?

ಬಿ.ಎಡ್. ಓದುವಾಗ ನನ್ನ ಮೊದಲ ಲೆಸನ್ ಪ್ಲಾನ್ ಪುಸ್ತಕ ವಾಪಸ್ ಬಂದಾಗ ಅದರಲ್ಲಿ ಕೆಂಪು ಶಾಯಿ ಇದ್ದದ್ದು ಒಂದೇ ಕಡೆ. ಟೀಚರ್ ನಮ್ಮ ಕೈಯಲ್ಲಿ ಪ್ರತಿ ಪುಟದ ಬಲಗಡೆ ಉದ್ದಕ್ಕೆ ಒಂದು ಗೆರೆ ಎಳೆಸಿದ್ದರು. ಪಾಠದಲ್ಲಿ ಹೇಳುವ ಒಂದೊಂದು ಸಂಗತಿಯೂ ಎಲ್ಲಿಂದ ಸಿಕ್ಕಿತು ಅಂತ ಆ ಗೆರೆಯ ಆಚೆ ಬರೆಯಬೇಕು. ನಾನು ಮೇಲಿಂದ ಕೆಳಗಿನವರೆಗೆ ಗೂಗಲ್, ಗೂಗಲ್, ಗೂಗಲ್ ಅಂತ ತುಂಬಿಸಿ ಕೊಟ್ಟಿದ್ದೆ. ಅಷ್ಟಕ್ಕೂ ಸೇರಿಸಿ ಒಂದು ದೊಡ್ಡ ಸುತ್ತು ಹಾಕಿದ್ದರು.

ಮರುದಿನ ಕರೆದು ಕೇಳಿದರು. “ಬೆಲ್ಲ ಎಲ್ಲಿಂದ ತಂದದ್ದು ಅಂತ ಮನೆಯಲ್ಲಿ ಕೇಳಿದ್ರೆ ಎಂತ ಹೇಳ್ತೀರಿ?”

“ಪೇಟೆಯಿಂದ ಟೀಚರ್.”

“ಪೇಟೆಯಲ್ಲಿ ಯಾವ ಅಂಗಡಿ? ಬೆಲ್ಲದಲ್ಲಿ ಮರಳು ಸಿಕ್ಕಿದ್ರೆ ಯಾರ ಹತ್ರ ಜಗಳಕ್ಕೆ ಹೋಗ್ತೀರಿ? ಗೂಗಲ್ ಅಂದ್ರೆ ಪೇಟೆ. ನಂಗೆ ಅಂಗಡಿಯ ಹೆಸರು ಬೇಕು.”

2018ರಿಂದ 2020ರವರೆಗೆ ನಾನು ಈ ಕಾಲೇಜಿನಲ್ಲಿ ಬಿ.ಎಡ್. ಮಾಡಿದೆ. ಫಿಸಿಕಲ್ ಸಯನ್ಸ್, ಕನ್ನಡ ಮಾಧ್ಯಮ. ಮನೋವಿಜ್ಞಾನ ಕ್ಲಾಸಿನಲ್ಲಿ ಬರೆದುಕೊಂಡ ನೋಟ್ಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಬೆಲ್ಲದ ಮಾತು ಮಾತ್ರ ಹೋಗಲಿಲ್ಲ. ಈಗ ನನ್ನ ಕ್ಲಾಸಿನ ಮಕ್ಕಳು ಎಐ ಬರೆದುಕೊಟ್ಟ ಉತ್ತರ ತರುತ್ತಾರೆ. ಅದು ಇನ್ನೂ ಕಷ್ಟ. ಪೇಟೆಯಲ್ಲಾದರೆ ಅಂಗಡಿ ಹುಡುಕಬಹುದು. ಇಲ್ಲಿ ನಾಲ್ಕು ಅಂಗಡಿಯ ಬೆಲ್ಲ ಕರಗಿಸಿ ಪಾಕ ಮಾಡಿ ಕೊಟ್ಟ ಹಾಗೆ, ಮರಳು ಯಾವುದರದ್ದು ಅಂತ ಹೇಗೆ ಹೇಳುವುದು?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಇಂಟರ್ನ್‌ಶಿಪ್‌ನ, ಅಂದರೆ ಶಾಲೆಗೆ ಹೋಗಿ ಪಾಠ ಮಾಡುವ ತರಬೇತಿಯ, ಹೊತ್ತಿಗೆ ಸರಿಯಾಗಿ ಬಂತು. ಕಾಸರಗೋಡು ಅದರ ದಾರಿಯಲ್ಲೇ ಇತ್ತು. ಗ್ರಹಣ ಚೆನ್ನಾಗಿ ಕಾಣುವ ಜಾಗ ಅಂತ ನಮ್ಮ ಜಿಲ್ಲೆಯ ಚೆರುವತ್ತೂರಿನ ಹೆಸರು ಎಲ್ಲಾ ಪೇಪರಿನಲ್ಲಿ. ನಾನಿದ್ದದ್ದು ಕುಂಬಳೆ ಕಡೆಯ ಒಂದು ಹೈಸ್ಕೂಲಿನಲ್ಲಿ. ಅಲ್ಲಿನ ವಿಜ್ಞಾನ ಟೀಚರ್ “ರಜೆಗೆ ಮೊದಲು ಗ್ರಹಣದ ಬಗ್ಗೆ ಒಂದು ಪೀರಿಯಡ್ ನೀವೇ ತಗೊಳ್ಳಿ” ಅಂತ ಬಿಟ್ಟುಕೊಟ್ಟರು. ನನಗೆ ಭಾರೀ ಖುಷಿ. ರಾತ್ರಿ ಕೂತು ಕನ್ನಡದಲ್ಲಿ ಹುಡುಕಿದೆ. ಬಂದದ್ದೆಲ್ಲ ರಾಶಿಫಲ. ಯಾವ ರಾಶಿಗೆ ದೋಷ, ಯಾರು ಏನು ದಾನ ಮಾಡಬೇಕು, ಗರ್ಭಿಣಿಯರು ಯಾವ ಕೋಣೆಯಲ್ಲಿ ಇರಬೇಕು. ಇಪ್ಪತ್ತು ನಿಮಿಷ ಓದಿ ನನ್ನ ರಾಶಿಗೂ ತೊಂದರೆ ಇದೆ ಅಂತ ಗೊತ್ತಾದದ್ದು ಬಿಟ್ಟರೆ ಬೇರೆ ಪ್ರಯೋಜನ ಆಗಲಿಲ್ಲ.

ಕಾಲೇಜಿನ ಟೀಚರಿಗೆ ಹೇಳಿದಾಗ ಅವರು ಲ್ಯಾಪ್‌ಟಾಪ್ ತಿರುಗಿಸಿ ಮೂರು ಸಲ ಹುಡುಕಿ ತೋರಿಸಿದರು. ಕನ್ನಡದಲ್ಲಿ ‘ಕಂಕಣ ಗ್ರಹಣ’, ಮಲಯಾಳದಲ್ಲಿ ‘ವಲಯ ಗ್ರಹಣಂ’, ಆಮೇಲೆ ಇಂಗ್ಲಿಷಿನಲ್ಲಿ ‘ಆನ್ಯುಲರ್ ಎಕ್ಲಿಪ್ಸ್’. ಕೊನೆಯದರ ಮುಂದೆ ‘ಸೈಟ್’ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ನಾಸಾದ ವಿಳಾಸ ಕೊಟ್ಟರು. ಹಾಗೆ ಮಾಡಿದರೆ ಆ ಒಂದು ಜಾಗದಲ್ಲಿ ಇರುವುದು ಮಾತ್ರ ಬರುತ್ತದೆ. ಮೂರು ಭಾಷೆಗೆ ಮೂರು ಬೇರೆ ಲೋಕ ಬಂತು. ಗಡಿಯಲ್ಲಿ ಹುಟ್ಟಿದವರು ನಾವು ಯಾವಾಗಲೂ ಗೋಳು ಹೇಳುವುದೇ ಜಾಸ್ತಿ. ಒಳ್ಳೆ ವಿಡಿಯೋ ಸಿಕ್ಕಿದರೆ ಅದು ಮಲಯಾಳದಲ್ಲಿ, ಕನ್ನಡದಲ್ಲಿ ಸಿಕ್ಕಿದರೆ ಅದು ಕರ್ನಾಟಕದ ಸಿಲೆಬಸ್ಸು. ನಾನು ಎಷ್ಟೋ ಸಲ ವಿಡಿಯೋದ ಧ್ವನಿ ನಿಲ್ಲಿಸಿ, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದ್ದೇನೆ. ಆದರೆ ಒಂದೇ ಸಂಗತಿಯನ್ನು ಮೂರು ಭಾಷೆಯಲ್ಲಿ ತಾಳೆ ನೋಡುವುದು ನಮಗೆ ಸುಲಭ ಅಂತ ಅಲ್ಲಿವರೆಗೆ ನನಗೆ ಹೊಳೆದೇ ಇರಲಿಲ್ಲ.

ಸ್ಲೈಡಿಗೆ ಒಂದು ಚಿತ್ರ ಹಾಕಿದ್ದೆ. ಕಪ್ಪು ಚಂದ್ರ, ಸುತ್ತ ಬಿಳಿ ಪ್ರಭೆ, ಹಿಂದೆ ಆಕಾಶಗಂಗೆ, ಕೆಳಗೆ ಭೂಮಿ. ‘ಅಂತರಿಕ್ಷದಿಂದ ಗ್ರಹಣ’ ಅಂತ ವಾಟ್ಸಾಪಿನಲ್ಲಿ ಬಂದದ್ದು. ಕಾಲೇಜಿನ ಕ್ರಿಟಿಸಿಸಂ ಕ್ಲಾಸಿನಲ್ಲಿ, ಅಂದರೆ ಒಬ್ಬರ ಪಾಠವನ್ನು ಉಳಿದವರು ನೋಡಿ ವಿಮರ್ಶೆ ಮಾಡುವ ಕ್ಲಾಸಿನಲ್ಲಿ, ತೋರಿಸಿದಾಗ ಎಲ್ಲರೂ ಚೆಂದ ಉಂಟು ಅಂದರು. ಟೀಚರ್ ಮಾತ್ರ “ನಮ್ಮದು ಎಂಥ ಗ್ರಹಣ?” ಅಂತ ಕೇಳಿದರು. ಕಂಕಣ. “ಹಾಗಾದ್ರೆ ಈ ಬಿಳಿ ಪ್ರಭೆ ಎಲ್ಲಿಂದ ಬಂತು?” ಆಗ ಅರ್ಥವಾಯಿತು. ಅದು ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಸೂರ್ಯ ಪೂರ್ತಿ ಮುಚ್ಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಕಂಕಣ ಗ್ರಹಣದಲ್ಲಿ ಚಂದ್ರ ದೂರ ಇರುತ್ತಾನೆ, ನಮಗೆ ಸಣ್ಣಗೆ ಕಾಣುತ್ತಾನೆ. ಆ ಸಲ ಸೂರ್ಯನ ಅಗಲದಲ್ಲಿ ನೂರಕ್ಕೆ ಸುಮಾರು 97 ಪಾಲು ಮಾತ್ರ ಅವನ ಕೈಗೆ ಎಟುಕಿದ್ದು. ಸುತ್ತ ಉಳಿದ ತೆಳ್ಳಗಿನ ಬಳೆಯ ಬೆಳಕೇ ಸಾಕು, ಕರೋನಾ ಕಾಣುವುದಿಲ್ಲ. ಆಮೇಲೆ ಆ ಚಿತ್ರವನ್ನೇ ಗೂಗಲ್ ಇಮೇಜ್‌ನಲ್ಲಿ ಹಾಕಿ ಹುಡುಕಿಸಿದರು. ಯಾರೋ ಕಲಾವಿದರು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅದು. ನನಗೆ ಅವಮಾನವಾದದ್ದು ಹುಡುಕುವುದು ಗೊತ್ತಿರಲಿಲ್ಲ ಅಂತ ಅಲ್ಲ. ಬಿ.ಎಸ್ಸಿ.ಯಲ್ಲಿ ಕಲಿತ ಫಿಸಿಕ್ಸ್ ಸಾಕಿತ್ತು. ಅದನ್ನು ನಾನು ಉಪಯೋಗಿಸಿರಲಿಲ್ಲ, ಅಷ್ಟೇ.

ಹೈಸ್ಕೂಲಿನ ಪೀರಿಯಡ್ಡಿನಲ್ಲಿ ಇನ್ನೊಂದು ಆಯಿತು. ಕೇರಳದಲ್ಲಿ 2018ರಲ್ಲಿ ಶುರುವಾದ ಹೈಟೆಕ್ ಯೋಜನೆಯಲ್ಲಿ 45,000 ಕ್ಲಾಸುಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್. ಹೈಸ್ಕೂಲಿನಲ್ಲಿ ನಾನೂ ಅದನ್ನೇ ಕಲಿತವನು, ಮಂಗಳೂರಿನಲ್ಲಿ ಡಿಗ್ರಿ ಮಾಡುವ ಮೂರು ವರ್ಷದಲ್ಲಿ ಮರೆತುಬಿಟ್ಟಿದ್ದೆ. ಆಕಾಶ ತೋರಿಸುವ ಸ್ಟೆಲ್ಲೇರಿಯಂ ತೆರೆದು, 26ನೇ ತಾರೀಕು ಬೆಳಿಗ್ಗೆ 9.25 ಅಂತ ಹಾಕಿದೆ. “ಈಗ ನೋಡಿ ಮಕ್ಕಳೇ” ಅಂದೆ. ಸೂರ್ಯ ದೋಸೆಯ ಹಾಗೆ ಪೂರ್ತಿ ದುಂಡಗೆ. ಹತ್ತು ನಿಮಿಷ ಹಿಂದೆ ಹಾಕಿದೆ, ಮುಂದೆ ಹಾಕಿದೆ. ಗ್ರಹಣದ ಸುದ್ದಿಯೇ ಇಲ್ಲ. ಬೆವರು ಬಂತು. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು.

“ಸರ್, ಅದು ಪ್ಯಾರಿಸ್‌ನಲ್ಲುಂಟು. ಎಫ್ ಸಿಕ್ಸ್ ಒತ್ತಿ.”

ಪರದೆಯ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪ್ಯಾರಿಸ್ ಅಂತ ಇತ್ತು. ಊರು ಹೇಳದಿದ್ದರೆ ಅದು ಅಲ್ಲಿಯೇ ನಿಂತಿರುತ್ತದೆ. ಆ ಹುಡುಗಿಯೇ ಮುಂದೆ ಬಂದು ಉತ್ತರ ಅಕ್ಷಾಂಶ ಹನ್ನೆರಡೂವರೆ, ಪೂರ್ವ ರೇಖಾಂಶ 75 ಅಂತ ಟೈಪ್ ಮಾಡಿ ಟೈಮನ್ನೂ ಸರಿಮಾಡಿದಳು. ಬಳೆ ಬಂತು. ಕ್ಲಾಸಿಡೀ ಚಪ್ಪಾಳೆ, ನನಗಲ್ಲ.

ಇನ್ನು ಒನಕೆಯ ವಿಷಯ. ಗ್ರಹಣ ಹಿಡಿದಾಗ ಹರಿವಾಣದಲ್ಲಿ ನೀರು ಹಾಕಿ ಒನಕೆ ಇಟ್ಟರೆ ಅದು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಅಂತ ವಿಡಿಯೋಗಳು ಓಡಾಡುತ್ತಿದ್ದವು. ಸುಳ್ಳು ಅಂತ ಮಕ್ಕಳಿಗೆ ಹೇಳಿಬಿಡುತ್ತೇನೆ ಅಂದೆ. ಟೀಚರ್ ಒಪ್ಪಲಿಲ್ಲ. “ನೀವು ನಿಲ್ಲಿಸಿ ನೋಡಿದ್ದೀರಾ? ಈ ಗುರುವಾರವೇ ನೋಡಿ.” ಗ್ರಹಣಕ್ಕೆ ಇನ್ನೂ ಒಂದು ವಾರ ಇತ್ತು. ಪೆರ್ಲದ ನಮ್ಮ ಮನೆಯ ಅಟ್ಟದಿಂದ ಒನಕೆ ಇಳಿಸಿ, ಧೂಳು ಒರೆಸಿ, ಅಂಗಳದಲ್ಲಿ ಹರಿವಾಣ ಇಟ್ಟೆ. ಮೊದಲು ಮೂರು ಸಲ ಬಿತ್ತು. ನಾಲ್ಕನೇ ಸಲ ಉಸಿರು ಬಿಗಿಹಿಡಿದು ಮೆಲ್ಲ ಕೈ ಬಿಟ್ಟೆ. ನಿಂತಿತು! ಬುಡಕ್ಕೆ ಕಬ್ಬಿಣದ ಬಳೆ, ಕೆಳಗೆ ಸಪಾಟು. ನಿಲ್ಲದೆ ಏನು ಮಾಡುತ್ತದೆ?

ಅಜ್ಜಿಯನ್ನು ಕರೆದು ತೋರಿಸಿದೆ. “ಇವತ್ತು ಯಾವ ಗ್ರಹಣವೂ ಇಲ್ಲ, ನೋಡಿ.” ಅಜ್ಜಿ ಒಂದು ಸುತ್ತು ಬಂದು ನೋಡಿ ಹೇಳಿದರು: “ಹಾಗಾದ್ರೆ ಗ್ರಹಣದ ದಿನವೂ ನಿಲ್ತದಲ್ಲ ಮಗಾ. ಅವರು ಹೇಳಿದ್ದು ಸುಳ್ಳಲ್ಲ ಮತ್ತೆ.” ನನಗೆ ಉತ್ತರ ಬರಲಿಲ್ಲ. ಟೀಚರಿಗೆ ಹೇಳಿದರೆ ಜೋರಾಗಿ ನಕ್ಕರು. ಅಜ್ಜಿಯ ಮಾತನ್ನೇ ಕ್ಲಾಸಿಗೆ ತಗೊಂಡು ಹೋಗಿ ಅಂದರು. ತಗೊಂಡು ಹೋದೆ. ಒನಕೆ ನಿಲ್ಲುವುದು ನಿಜ, ಗ್ರಹಣದಿಂದ ನಿಲ್ಲುವುದು ಅನ್ನುವುದು ಬೇರೆ ಮಾತು ಅಂತ ಎಂಟನೇ ಕ್ಲಾಸಿನ ಮಕ್ಕಳು ನನಗಿಂತ ಬೇಗ ಬಿಡಿಸಿ ಹೇಳಿದರು.

ಗ್ರಹಣದ ದಿನ ಕ್ರಿಸ್‌ಮಸ್ ರಜೆ. ಆದರೂ ಸುಮಾರು ಮಕ್ಕಳು ಶಾಲೆಯ ಮೈದಾನಕ್ಕೆ ಬಂದಿದ್ದರು. ಎಕ್ಸ್‌ರೇ ಫಿಲ್ಮು ತಂದವರಿಂದ ಅದನ್ನು ಇಸಿದುಕೊಂಡು ಗ್ರಹಣದ ಕನ್ನಡಕ ಕೊಟ್ಟೆವು. ನನಗೆ ನೆನಪಿರುವುದು ಆಕಾಶ ಅಲ್ಲ, ನೆಲ. ಹಲಸಿನ ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಮೊದಲು ಕುಡುಗೋಲಿನ ಹಾಗಾದವು, ಆಮೇಲೆ ಬಳೆಯಾದವು. ಮಣ್ಣಿನ ಮೇಲೆ, ಚಪ್ಪಲಿಯ ಮೇಲೆ, ಒಬ್ಬ ಹುಡುಗನ ಬಿಳಿ ಅಂಗಿಯ ಬೆನ್ನಿನ ಮೇಲೆ ನೂರಾರು ಬಳೆ. ಪ್ರೊಜೆಕ್ಟರ್ ಬೇಕಾಗಲಿಲ್ಲ.

ಮೂರು ತಿಂಗಳಲ್ಲಿ ಲಾಕ್‌ಡೌನ್ ಬಂತು. ತಲಪಾಡಿ ಗಡಿ ಮುಚ್ಚಿತು, ನಮ್ಮ ಬ್ಯಾಚು ವಾಟ್ಸಾಪ್ ಗ್ರೂಪಾಗಿ ಉಳಿಯಿತು. ವೈರಸ್ಸು 12 ಗಂಟೆ ಬದುಕುತ್ತದೆ, ಜನತಾ ಕರ್ಫ್ಯೂ 14 ಗಂಟೆ, ಹಾಗಾಗಿ ಸಾಯುತ್ತದೆ ಅಂತ ಒಬ್ಬ ಹಾಕಿದ. ಎರಡೇ ನಿಮಿಷದಲ್ಲಿ ಐದು ಜನ ಒಂದೇ ಉತ್ತರ ಕಳಿಸಿದರು: ಯಾವ ಅಂಗಡಿ?

ಕಾಲೇಜಿನವರು ಈ ಬರಹ ಕೇಳಿದ ಮೇಲೆ ಹಳೆಯ ಲೆಸನ್ ಪ್ಲಾನ್ ಪುಸ್ತಕ ತೆಗೆದೆ. ಗ್ರಹಣದ ಪುಟದ ಕೊನೆಯಲ್ಲಿ ನಾನು ಬರೆದದ್ದು ಹೀಗಿದೆ: ಬಳೆ ಕಂಡದ್ದು 9.27ಕ್ಕೆ. ಗೆರೆಯ ಆಚೆ: ನಾನೇ ನೋಡಿದ್ದು. ಟೀಚರ್ ಅದಕ್ಕೆ ಒಂದು ಸರಿ ಗುರುತು ಹಾಕಿ, ಕೆಳಗೆ ಸಣ್ಣದಾಗಿ ‘ಯಾವ ವಾಚು?’ ಅಂತ ಬರೆದಿದ್ದಾರೆ. ಅಣ್ಣನ ವಾಚು ಟೀಚರ್. ಎರಡು ನಿಮಿಷ ಮುಂದಿತ್ತು.