ಹೊಸತೊಡಕಿನ ಮೂಳೆ, ಪಾಯಸದ ದ್ರಾಕ್ಷಿ

ನಮ್ಮ ಮಂಡ್ಯ ಕಡೆ ಯುಗಾದಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಒಬ್ಬಟ್ಟು, ಮಾರನೇ ದಿನ ಹೊಸತೊಡಕು, ಅಂದರೆ ಮಾಂಸದೂಟ. ನಮ್ಮ ನಾಯಿ ಕರಿಯನಿಗೆ ಎರಡು ದಿನವೂ ಹಬ್ಬ, ನನಗೆ ಎರಡು ದಿನವೂ ಕಾವಲು.

ಮೊದಲು ನಾನೂ ಮೂಳೆ ಒಂದಕ್ಕೇ ಹೆದರುತ್ತಿದ್ದೆ. ಎರಡು ವರ್ಷದ ಹಿಂದೆ ಯುಗಾದಿ ದಿನ ಸೋದರತ್ತೆ ಪ್ರೀತಿಯಿಂದ ಒಂದು ಬಟ್ಟಲು ಶಾವಿಗೆ ಪಾಯಸ ಹಾಕಿದರು, ನಾನು ನೋಡುವಷ್ಟರಲ್ಲಿ ಬಟ್ಟಲು ಖಾಲಿ, ಒಣದ್ರಾಕ್ಷಿ ಸಮೇತ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಎಷ್ಟು ದ್ರಾಕ್ಷಿ ತಿಂದಿದೆ, ಎಷ್ಟು ಹೊತ್ತಾಯಿತು, ನಾಯಿ ಎಷ್ಟು ಕೆಜಿ ಅಂತ ಕೇಳಿ ಈಗಲೇ ಕರೆದುಕೊಂಡು ಬನ್ನಿ ಅಂದರು. ವಾಂತಿ ಮಾಡಿಸಿ, ಡ್ರಿಪ್ ಹಾಕಿ, ಎರಡು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದರು. ಕರಿಯ ಉಳಿದ. ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು, ಅದೂ ಒಂದು ನಾಯಿಗೆ ಏನೂ ಆಗದಷ್ಟು ಇನ್ನೊಂದಕ್ಕೆ ವಿಷ. 2021ರಲ್ಲಿ ಅಮೆರಿಕದ ಪಶುವೈದ್ಯರು ಇದಕ್ಕೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಅಂದರು. ಹುಣಸೆಹಣ್ಣಿನಲ್ಲೂ ಅದೇ ಇದೆ. ಅಲ್ಲಿಗೆ ನಮ್ಮ ಒಬ್ಬಟ್ಟಿನ ಸಾರೂ ಬಂದ್!

ಇನ್ನು ಹೊಸತೊಡಕು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕರುಳಿಗೂ ಚುಚ್ಚಬಹುದು. ಇದನ್ನು ಹೇಳಿದರೆ ಚಿಕ್ಕಪ್ಪ, "ನಮ್ ಕಾಲ್ದಲ್ಲಿ ನಾಯಿಗಳು ಮೂಳೆ ತಿಂದೇ ಬದುಕ್ಲಿಲ್ವೇನೋ?" ಅಂತಾರೆ. ಬದುಕಿದವು, ಸರಿ. ಬದುಕದ ನಾಯಿ ಯಾಕೆ ಸತ್ತಿತು ಅಂತ ಆ ಕಾಲದಲ್ಲಿ ಯಾರು ನೋಡಿದರು?

ಮೂಳೆ ಬೇಡ ಅಂದರೆ ಸಾರಲ್ಲಿ ಮುದ್ದೆ ಅದ್ದಿ ಹಾಕುತ್ತಾರೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕಿರುತ್ತೇವೆ ಅಲ್ವಾ? ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ತಿಂದ ದಿನ ಏನೂ ಕಾಣದೆ, ಎರಡು ಮೂರು ದಿನ ಕಳೆದು ನಾಯಿ ಸುಸ್ತಾಗಿ ಮಲಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಉಚ್ಚೆ ಕೆಂಪಗಾಗುತ್ತದೆ. ಅಷ್ಟು ಹೊತ್ತಿಗೆ ಹಬ್ಬದ ಊಟ ಯಾರಿಗೆ ನೆನಪಿರುತ್ತದೆ? ಬೆಕ್ಕಿಗಂತೂ ಇದು ಇನ್ನೂ ಜಾಸ್ತಿ ಅಪಾಯ.

ಈಗ ನಾನು ಮಸಾಲೆ ಬೀಳುವ ಮೊದಲೇ ನಾಲ್ಕು ತುಂಡು ಮೆತ್ತನೆ ಮಾಂಸ ತೆಗೆದಿಟ್ಟು, ಕೊಬ್ಬು ಬಿಡಿಸಿ, ಉಪ್ಪಿಲ್ಲದೆ ಬೇಯಿಸಿ ಮುದ್ದೆ ಜೊತೆ ಕಿವುಚಿ ಹಾಕುತ್ತೇನೆ. ಎಲೆಯ ಮೇಲಿನ ಮೂಳೆಗಳನ್ನೆಲ್ಲ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಎತ್ತರಕ್ಕೆ ನೇತುಹಾಕುತ್ತೇನೆ, ಬೀದಿ ನಾಯಿಗಳಿಗೂ ಗಂಟಲು ಇದೆ.

ಈ ಸಲ ಯುಗಾದಿಗೆ ಅತ್ತೆ ಮತ್ತೆ ಬಟ್ಟಲು ಹಿಡಿದು ಬಂದರು. "ದ್ರಾಕ್ಷಿ ಎಲ್ಲಾ ಆರಿಸಿ ತೆಗ್ದಿದೀನಿ ಕಣೋ, ಈಗ್ಲಾದ್ರೂ ಹಾಕ್ಲಾ?" ನಗು ಬಂತು. ಬಟ್ಟಲು ಇಸಕೊಂಡು ನಾನೇ ಕುಡಿದೆ.