ಹೆಸರು ಕೇಳಿ ಹೊರಟ ದಿನ

1985ರಲ್ಲಿ, ನಾನು ಈ ಶಾಲೆಯ ಎಂಟನೆಯ ತರಗತಿಯಲ್ಲಿದ್ದಾಗ, ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಭೂಗೋಳದ ಪುಸ್ತಕಗಳ ನಡುವೆ ಸೇರಿಕೊಂಡಿದ್ದ ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದು ನನ್ನ ಕೈಗೆ ಸಿಕ್ಕಿತು. ಮೊದಲ ಪುಟಗಳಲ್ಲಿ ದ್ವೀಪಗಳ ನಕಾಶೆ ಇದ್ದುದರಿಂದ ಯಾರೋ ಅದನ್ನು ಭೂಗೋಳವೆಂದೇ ತಿಳಿದು ಅಲ್ಲಿಟ್ಟಿರಬೇಕು. ಗಾಂಟ್, ರೋಕ್, ಹ್ಯಾವ್ನಾರ್, ಸೆಲಿಡಾರ್ ಎಂಬ ಹೆಸರುಗಳನ್ನು ನಾನು ಶಾಲೆಯ ಅಟ್ಲಾಸಿನಲ್ಲಿ ಒಂದು ಮಧ್ಯಾಹ್ನವೆಲ್ಲ ಹುಡುಕಿದೆ. ಅವು ಎಲ್ಲಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಓದಲು ಕುಳಿತೆ. ಅಂದಿನಿಂದ ಇಂದಿನವರೆಗೆ, ಅಂದರೆ ಸುಮಾರು 40 ವರ್ಷಗಳಿಂದ, ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ ಅವರ ‘ಅರ್ಥ್‌ಸೀ’ ಕಾದಂಬರಿ ಸರಣಿ ನನ್ನ ಜೊತೆಯಲ್ಲಿಯೇ ಇದೆ.

ಸರಣಿಯ ಮೊದಲ ಕಾದಂಬರಿ ಪ್ರಕಟವಾದದ್ದು 1968ರಲ್ಲಿ. ಹದಿಹರೆಯದವರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದಾಗ, ಕಥೆಗಳಲ್ಲಿ ಬರುವ ಬಿಳಿಗಡ್ಡದ ಮಾಂತ್ರಿಕರೆಲ್ಲ ಹುಡುಗರಾಗಿದ್ದಾಗ ಹೇಗಿದ್ದಿರಬಹುದು, ತಮ್ಮ ವಿದ್ಯೆಯನ್ನು ಎಲ್ಲಿ ಕಲಿತಿರಬಹುದು ಎಂಬ ಪ್ರಶ್ನೆ ಲೇಖಕಿಗೆ ಹುಟ್ಟಿತಂತೆ. ಅವರು ಮೊದಲು ನಕಾಶೆಯನ್ನು ಬರೆದುಕೊಂಡು, ಆಮೇಲೆ ಅದರೊಳಗೆ ಕಥೆಯನ್ನು ಹುಡುಕಿದರು. ಇದನ್ನು ನಾನು ಬಹಳ ವರ್ಷಗಳ ನಂತರ ತಿಳಿದೆ. ತಿಳಿದಾಗ ನನಗೆ ಅಪಾರ ಸಂತೋಷವಾಯಿತು, ಏಕೆಂದರೆ ನಾನೂ ಪುಸ್ತಕದೊಳಕ್ಕೆ ನಕಾಶೆಯ ಬಾಗಿಲಿನಿಂದಲೇ ಹೋದವನು. ಗಣಿತದ ಪೆಟ್ಟಿಗೆಯಲ್ಲಿದ್ದ ಟ್ರೇಸಿಂಗ್ ಹಾಳೆಯನ್ನು ಆ ಪುಟದ ಮೇಲೆ ಹರಡಿ, ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದೇ ದ್ವೀಪದ ಅಂಚನ್ನು ಎಳೆದು ಮುಗಿಸಲು ನನಗೆ ನಾಲ್ಕು ಬಿಡುವಿನ ಅವಧಿಗಳು ಬೇಕಾದವು.

ಆ ಲೋಕದಲ್ಲಿ ಮಾಂತ್ರಿಕತೆ ಎಂದರೆ ಹೆಸರು. ಪ್ರತಿಯೊಂದು ವಸ್ತುವಿಗೂ ಜೀವಿಗೂ ಒಂದು ನಿಜವಾದ ಹೆಸರಿದೆ. ಅದನ್ನು ಬಲ್ಲವನಿಗೆ ಮಾತ್ರ ಅದರ ಮೇಲೆ ಅಧಿಕಾರ. ಹಾಗಾಗಿ ಜನರು ತಮ್ಮ ನಿಜದ ಹೆಸರನ್ನು ತೀರಾ ನಂಬಿದವರಿಗಲ್ಲದೆ ಬೇರೆಯವರಿಗೆ ಹೇಳುವುದಿಲ್ಲ, ಊರಿಗೆಲ್ಲ ಗೊತ್ತಿರುವುದು ಕರೆಯುವ ಹೆಸರು ಮಾತ್ರ. ಗಾಂಟ್ ದ್ವೀಪದಲ್ಲಿ ಮೇಕೆ ಕಾಯುತ್ತಿದ್ದ ಹುಡುಗನಿಗೆ ಹದಿಮೂರು ತುಂಬಿದ ದಿನ, ತಣ್ಣನೆಯ ತೊರೆಯನ್ನು ದಾಟಿ ಬಂದ ಅವನ ತೋಳು ಹಿಡಿದು, ಮಿತಭಾಷಿ ಗುರು ಓಜಿಯನ್ ಅವನ ಕಿವಿಯಲ್ಲಿ ‘ಗೆಡ್’ ಎಂದು ಪಿಸುಗುಟ್ಟುತ್ತಾನೆ. ಆಗ ನನಗೂ ಹದಿಮೂರೇ. ಗೆಡ್ ಮುಂದೆ ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೋಗುತ್ತಾನೆ. ಅಲ್ಲಿ ಒಂಟಿ ಗೋಪುರವೊಂದರಲ್ಲಿ ಹೆಸರುಗಳ ಗುರು ಪ್ರತಿ ಸಂಜೆ ಉದ್ದುದ್ದದ ಪಟ್ಟಿಗಳನ್ನು ಬರೆದುಕೊಡುತ್ತಾನೆ. ಮಧ್ಯರಾತ್ರಿಯಾಗುತ್ತಿದ್ದಂತೆ ಶಾಯಿ ಅಳಿಸಿಹೋಗಿ ಹಾಳೆ ಮತ್ತೆ ಖಾಲಿಯಾಗುತ್ತದೆ, ಅಷ್ಟರೊಳಗೆ ಎಲ್ಲವೂ ಬಾಯಿಗೆ ಬಂದಿರಬೇಕು. ಮಾಂತ್ರಿಕ ವಿದ್ಯೆ ಎಂದರೆ ಕೋಲು ಬೀಸುವುದಲ್ಲ, ಕುಳಿತು ಕಲಿಯುವುದು ಎಂದು ಹೇಳಿದ ಮೊದಲ ಪುಸ್ತಕ ನನ್ನ ಪಾಲಿಗೆ ಇದು. ಸಸ್ಯಶಾಸ್ತ್ರದ ಪಾಠದಲ್ಲಿ ಪುಷ್ಪಪಾತ್ರೆ, ಕೇಸರ, ಶಲಾಕೆ, ಅಂಡಾಶಯ ಎಂದು ನಾವು ಹೂವಿನ ಭಾಗಗಳನ್ನು ಬಾಯಿಪಾಠ ಮಾಡುತ್ತಿದ್ದಾಗ, ಉಳಿದವರಿಗೆ ಬೇಸರವಾಗುತ್ತಿದ್ದ ಆ ಪಟ್ಟಿ ನನಗೆ ಮಂತ್ರದಂತೆ ಕೇಳುತ್ತಿತ್ತು. ದಾಸವಾಳದ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಶಲಾಕೆಯ ತುದಿಯ ಐದು ಕೆಂಪು ಚುಕ್ಕೆಗಳನ್ನು ನೋಡಿ ಅವುಗಳ ಹೆಸರನ್ನು ಮೆಲ್ಲಗೆ ಹೇಳಿಕೊಂಡದ್ದು ಇಂದಿಗೂ ನೆನಪಿದೆ.

ಆದರೆ ಆ ಕಾದಂಬರಿ ನನ್ನನ್ನು ನಿಜವಾಗಿ ಹಿಡಿದದ್ದು ಗೆಡ್‌ನ ತಪ್ಪಿನಿಂದ. ಸಹಪಾಠಿಯ ಮೇಲಿನ ಹಗೆ ಮತ್ತು ತನ್ನ ಹಮ್ಮಿನಿಂದ ಅವನು ಮಾಡಬಾರದ ಮಂತ್ರವನ್ನು ಮಾಡಿ, ಸತ್ತವರ ಲೋಕದಿಂದ ಹೆಸರಿಲ್ಲದ ಒಂದು ನೆರಳನ್ನು ಹೊರಗೆ ಬಿಡುತ್ತಾನೆ. ಅದನ್ನು ತಡೆಯುವುದರಲ್ಲಿ ಶಾಲೆಯ ಮುಖ್ಯ ಗುರು ಪ್ರಾಣ ಕಳೆದುಕೊಳ್ಳುತ್ತಾನೆ. ನೆರಳು ಅಟ್ಟಿಸಿಕೊಂಡು ಬರುತ್ತದೆ, ಗೆಡ್ ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಕೊನೆಗೆ ಓಜಿಯನ್ ಹೇಳುವುದು ಇಷ್ಟೇ: ತಿರುಗಿ ನಿಲ್ಲು, ನೀನೇ ಅದನ್ನು ಹುಡುಕಿಕೊಂಡು ಹೋಗು. ಒಂಬತ್ತನೆಯ ತರಗತಿಯಲ್ಲಿ, ವಿಜ್ಞಾನ ಪ್ರದರ್ಶನದ ಹಿಂದಿನ ಸಂಜೆ, ನನ್ನ ಗೆಳೆಯನೊಬ್ಬ ತಯಾರಿಸಿದ್ದ ವಿದ್ಯುತ್ ಗಂಟೆಯ ತಂತಿಯನ್ನು ನಾನು ಹೊಟ್ಟೆಕಿಚ್ಚಿನಿಂದ ಸಡಿಲಿಸಿಬಿಟ್ಟಿದ್ದೆ. ಮರುದಿನ ತೀರ್ಪುಗಾರರ ಮುಂದೆ ಗಂಟೆ ಬಾರಿಸಲಿಲ್ಲ. ಅವನು ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದ ಬೆರಳನ್ನು ನಾನು ಪಕ್ಕದ ಮೇಜಿನಿಂದ ನೋಡುತ್ತಿದ್ದೆ. ಮೂರು ವಾರ ಅವನ ಕಣ್ಣು ತಪ್ಪಿಸಿ ಓಡಾಡಿದೆ. ಆ ದಿನಗಳಲ್ಲಿ ಪುಸ್ತಕವನ್ನು ಎರಡನೆಯ ಬಾರಿ ಓದುತ್ತಾ ಓಜಿಯನ್‌ನ ಮಾತಿಗೆ ಬಂದಾಗ ಮುಂದಕ್ಕೆ ಹೋಗಲಾಗಲಿಲ್ಲ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವನನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಅವನು ಆ ವರ್ಷವಿಡೀ ನನ್ನೊಂದಿಗೆ ಮಾತನಾಡಲಿಲ್ಲ. ಆದರೂ ಅಂದಿನಿಂದ ನನಗೆ ರಾತ್ರಿ ನಿದ್ದೆ ಬರತೊಡಗಿತು.

ರೋಕ್‌ನ ಶಾಲೆಗೆ ಒಬ್ಬ ದ್ವಾರಪಾಲಕನಿದ್ದಾನೆ. ಅವನೂ ಅಲ್ಲಿನ ಒಂಬತ್ತು ಗುರುಗಳಲ್ಲಿ ಒಬ್ಬ. ಒಳಗೆ ಬರುವ ಹುಡುಗ ಅವನಿಗೆ ತನ್ನ ನಿಜದ ಹೆಸರನ್ನು ಹೇಳಬೇಕು. ಕಲಿತು ಹೊರಡುವ ದಿನ ದ್ವಾರಪಾಲಕನ ಹೆಸರನ್ನು ತಾನೇ ತಿಳಿದುಕೊಂಡು ಹೇಳಬೇಕು. ಗೆಡ್ ತನಗೆ ಗೊತ್ತಿರುವ ಉಪಾಯಗಳನ್ನೆಲ್ಲ ಯೋಚಿಸಿ, ಇವನಿಂದ ಬಲದಿಂದಾಗಲಿ ಚಾತುರ್ಯದಿಂದಾಗಲಿ ಹೆಸರನ್ನು ಪಡೆಯಲಾಗದು ಎಂದು ಒಪ್ಪಿಕೊಂಡು, ಕೊನೆಗೆ ಸುಮ್ಮನೆ ಕೇಳುತ್ತಾನೆ. ದ್ವಾರಪಾಲಕ ಹೇಳುತ್ತಾನೆ. ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇದೇ.

ನಮ್ಮ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲರೂ ‘ಲೈಬ್ರರಿ ಸರ್’ ಎಂದೇ ಕರೆಯುತ್ತಿದ್ದೆವು. ಆ ಪುಸ್ತಕದ ಕಾರ್ಡಿನಲ್ಲಿ ನನ್ನ ಹೆಸರನ್ನು ಅವರು ಹನ್ನೊಂದು ಸಲ ಬರೆದಿದ್ದರು. 1988ರಲ್ಲಿ ವರ್ಗಾವಣೆ ಪತ್ರವನ್ನು ತೆಗೆದುಕೊಳ್ಳಲು ಬಂದ ದಿನ ನಾನು ಗ್ರಂಥಾಲಯಕ್ಕೆ ಹೋಗಿ, “ಸರ್, ನಿಮ್ಮ ಹೆಸರೇನು?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಪುಸ್ತಕದೊಳಗೆ ಮಡಿಸಿಟ್ಟಿದ್ದ ನನ್ನ ಟ್ರೇಸಿಂಗ್ ನಕಾಶೆಯನ್ನು ಅವರೇ ಎತ್ತಿಟ್ಟಿದ್ದರಂತೆ; ಮೇಜಿನ ಖಾನೆಯಿಂದ ಅದನ್ನು ತೆಗೆದು, ಹಿಂಬದಿಗೆ ತಿರುಗಿಸಿ, ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದು ನನ್ನ ಕೈಗೆ ಕೊಟ್ಟರು.

ನಾನು ಶಾಲೆ ಬಿಡುವಾಗ ಸರಣಿಯಲ್ಲಿ ಮೂರೇ ಪುಸ್ತಕಗಳಿದ್ದವು. ಮೂರನೆಯದು 1972ರದು, ಅದರ ಕೊನೆಯಲ್ಲಿ ಗೆಡ್, ಸಾವು ಬದುಕುಗಳ ನಡುವೆ ತೆರೆದುಕೊಂಡಿದ್ದ ಬಾಗಿಲನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಕೊಟ್ಟು ಬರಿಗೈಯವನಾಗುತ್ತಾನೆ. ಅಲ್ಲಿಗೆ ಎಲ್ಲ ಮುಗಿಯಿತೆಂದು ನಂಬಿದ್ದೆ. 18 ವರ್ಷಗಳ ನಂತರ, 1990ರಲ್ಲಿ, ‘ತೆಹಾನು’ ಬಂತು. ಕಾಲೇಜಿನಲ್ಲಿ ಅದನ್ನು ಓದಿ ನಾನು ತುಂಬ ನಿರಾಶನಾದೆ. ಮಂತ್ರವೆಲ್ಲ ಹೋಗಿ ಗೆಡ್ ಮತ್ತೆ ಮೇಕೆ ಕಾಯುತ್ತಾನೆ. ಎರಡನೆಯ ಪುಸ್ತಕದಲ್ಲಿ ಕತ್ತಲೆಯ ಗುಹೆಗಳ ಪೂಜಾರಿಣಿಯಾಗಿದ್ದ ತೆನಾರ್ ಈಗ ನಡುವಯಸ್ಸಿನ ವಿಧವೆ, ಬೆಂಕಿಯಲ್ಲಿ ಸುಟ್ಟ ಮಗುವೊಂದನ್ನು ಸಾಕುತ್ತಿದ್ದಾಳೆ. ಪುಟಗಟ್ಟಲೆ ಅಡುಗೆ, ಬಟ್ಟೆ, ಪಾತ್ರೆಗಳ ಕೆಲಸ. ನನ್ನ ತಾಯಿ ಹಾಸಿಗೆ ಹಿಡಿದ ವರ್ಷ, ರಾತ್ರಿ ಎಚ್ಚರವಿರಬೇಕಾಗಿದ್ದಾಗ, ಅದನ್ನು ಮತ್ತೆ ಓದಿದೆ. ಸುಟ್ಟ ಮಗುವಿನ ಕೈಯನ್ನು ತೆನಾರ್ ಹಿಡಿದುಕೊಳ್ಳುವ ರೀತಿಯನ್ನು ಬರೆಯಲು ಲೇಖಕಿಗೆ ಆ 18 ವರ್ಷಗಳು ಬೇಕಾಗಿದ್ದವು, ಓದಲು ನನಗೂ ಅಷ್ಟೇ ಕಾಲ ಬೇಕಾಗಿತ್ತು. ರೋಕ್‌ನ ಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದಂತೆ ತಾವೇ ಕಟ್ಟಿದ ಲೋಕವನ್ನು, ಅದನ್ನು ಕೆಡವದೆ, ಇನ್ನೊಂದು ಕಡೆಯಿಂದ ನೋಡುವ ಧೈರ್ಯ ಅವರಿಗಿತ್ತು. ಸರಣಿಯಲ್ಲಿ ಅತ್ಯುತ್ತಮ ಪುಸ್ತಕ ಅದೇ ಎಂದು ಈಗ ನಾನು ಯಾರೊಂದಿಗಾದರೂ ವಾದಿಸಬಲ್ಲೆ.

‘ತೆಹಾನು’ವನ್ನು ಕೊನೆಯ ಪುಸ್ತಕವೆಂದು ಅವರು ಹೆಸರಿಸಿದ್ದರೂ 2001ರಲ್ಲಿ ಇನ್ನೆರಡು ಬಂದವು. 2018ರ ಜನವರಿ 22ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ಲೆ ಗ್ವಿನ್ ತೀರಿಕೊಂಡರು. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ, ತನ್ನ ಯಾಹಿ ಎಂಬ ಮೂಲನಿವಾಸಿ ಬುಡಕಟ್ಟಿನ ಜನರೆಲ್ಲ ಅಳಿದು ಒಬ್ಬನೇ ಉಳಿದಿದ್ದ ವ್ಯಕ್ತಿಯೊಬ್ಬ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಾಗ, ಆತ ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ಕ್ರೋಬರ್ ಅವನನ್ನು ಅವನದೇ ಭಾಷೆಯಲ್ಲಿ ‘ಇಶಿ’, ಅಂದರೆ ‘ಮನುಷ್ಯ’ ಎಂದು ಕರೆದರು. ಆ ಮನುಷ್ಯನ ಕಥೆಯನ್ನು ಮುಂದೆ ಪುಸ್ತಕವಾಗಿ ಬರೆದವರು ಲೆ ಗ್ವಿನ್ ಅವರ ತಾಯಿ. ಇದನ್ನು ಓದಿದ ಮೇಲೆ ಗೆಡ್ ತನ್ನ ಹೆಸರನ್ನು ಮುಚ್ಚಿಟ್ಟುಕೊಳ್ಳುವ ಪುಟಗಳನ್ನು ನಾನು ಇನ್ನಷ್ಟು ನಿಧಾನವಾಗಿ ಓದುತ್ತೇನೆ.

ಅದೇ 2018ರಲ್ಲಿ ಇಡೀ ಸರಣಿ, ಚಾರ್ಲ್ಸ್ ವೆಸ್ ಅವರ ಚಿತ್ರಗಳೊಂದಿಗೆ, ಒಂದೇ ದಪ್ಪ ಸಂಪುಟವಾಗಿ ಬಂತು. ಅದು ಕೈಗೆ ಬಂದ ಸಂಜೆ ನಾನು ಹಳೆಯ ಟ್ರೇಸಿಂಗ್ ಹಾಳೆಯನ್ನು ಹೊರತೆಗೆದು ದೀಪದ ಕೆಳಗೆ ಹರಡಿದೆ. ಹಾಳೆ ಹಳದಿಯಾಗಿದೆ, ಮಡಿಕೆ ರೋಕ್‌ನ ನಡುವೆಯೇ ಹಾದು ಅಲ್ಲಿ ಸಣ್ಣ ತೂತು ಬಿದ್ದಿದೆ. ಲೈಬ್ರರಿ ಸರ್ ಬರೆದುಕೊಟ್ಟ ಹೆಸರು ಹಿಂಬದಿಯಿಂದ ಮೂಡಿ, ಸೆಲಿಡಾರಿನ ಆಚೆಯ ಖಾಲಿ ಸಮುದ್ರದಲ್ಲಿ ತಿರುವುಮುರುವಾಗಿ ಕಾಣುತ್ತದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರು ಅದನ್ನು ಕೊಟ್ಟದ್ದು ಕೇಳಿದ ಹುಡುಗನಿಗೆ.