ಹಡಗಿಗಿಂತ ಹಳೆಯ ಇಂಜಿನ್

ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ಬೆಂದವನು ನಾನು. ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಗಳು ಎಲ್ಬೆ ನದಿಯ ‘ಡೀಸ್‌ಬಾರ್’ ಉಗಿ ಹಡಗು ಹತ್ತಿಸಿದಾಗ ದಡದ ಕಡೆ ತಿರುಗಿಯೂ ನೋಡಲಿಲ್ಲ. ಇಂಜಿನ್ ಪಕ್ಕದ ಕಂಬಿಗೆ ಒರಗಿ ನಿಂತುಬಿಟ್ಟೆ. ಹಡಗು ಕಟ್ಟಿದ್ದು 1884ರಲ್ಲಿ. ಇಂಜಿನ್ ಮಾತ್ರ 1841ರದ್ದು, ಲಂಡನ್ನಿನ ಗ್ರೀನಿಚ್‌ನಲ್ಲಿ ಜಾನ್ ಪೆನ್ ಕಾರ್ಖಾನೆ ಮಾಡಿದ್ದು! ಬೇರೆ ಹಡಗಿನಲ್ಲಿ ದುಡಿದು ಇಲ್ಲಿಗೆ ಬಂದಿದೆ. ಪಿಸ್ಟನ್ ಸರಳು ನೇರವಾಗಿ, ಅಚ್ಚು ತಿರುಗಿಸುವ ಕ್ರ್ಯಾಂಕಿಗೇ ಜೋಡಣೆ. ಅದಕ್ಕೇ ಸಿಲಿಂಡರೇ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಜಾಗ ಕಡಿಮೆ, ತೂಕವೂ ಕಡಿಮೆ. ಆಳವಿಲ್ಲದ ನದಿಗೆ ಇನ್ನೇನು ಬೇಕು? ಉರಿಯೂ ಕಲ್ಲಿದ್ದಲಿನದೇ. ನಮ್ಮಲ್ಲಿ ಕಬ್ಬಿನ ಸಿಪ್ಪೆ ಸುಡುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಸೇತುವೆ ಬಂದಾಗ ಚಿಮಣಿ ಬಾಗಿತು.

“ಅಪ್ಪಾ, ಪಿಲ್ನಿಟ್ಸ್ ಅರಮನೆ ಹೋಯ್ತು!” ಅಂದಳು ಮಗಳು.

“ವಾಪಸ್ ಬರುವಾಗ ನೋಡಿದರಾಯ್ತಮ್ಮ” ಅಂದೆ.

ಆಗಲೂ ನೋಡಲಿಲ್ಲ.